ಫಾರಂನ ಕೊನೆಯ ಕಾಲಂ

ಶ್ವೇತಳ ಮನೆಗೆ ಪೊಲೀಸು ಬಂದದ್ದು ಅದು ನಾಲ್ಕನೇ ಸಲ. ಕೊಕ್ಕರೆ ಬೆಳ್ಳೂರಿಗೆ ಅಷ್ಟು ಸಾಕಲ್ಲ! ಬೀದಿಗೆ ಬೀದಿಯೇ ಕಿಟಕಿಗೆ ಬಂದು ನಿಂತಿತು.

“ನಮ್ ಮ್ಯಾಲೆ ಏನ್ ಕೇಸೈತಪ್ಪಾ?” ಎಂದು ಅಜ್ಜಿ ಚಿಕ್ಕಬೋರಮ್ಮ ಕೇಳಿಯೇಬಿಟ್ಟಳು.

“ಕೇಸಲ್ಲ ಅಜ್ಜಿ, ಮನೆ ಮನೆಗೆ ಬಂದು ಕಷ್ಟಸುಖ ಕೇಳೋ ಬೀಟು. ಫಾರಂನಲ್ಲಿ ಒಂದು ಕಾಲಂ ಬಾಕಿ ಇತ್ತು,” ಎಂದ ಕಾನ್‌ಸ್ಟೇಬಲ್ ರಘುನಂದನ್. ಕಣ್ಣು ಮಾತ್ರ ಶ್ವೇತಳ ಮೇಲೆ.

“ಹೋದ ವಾರವೂ ಒಂದೇ ಕಾಲಂ ಬಾಕಿ ಇತ್ತಲ್ವಾ?” ಎಂದಳು ಶ್ವೇತ.

ಅವನ ಕಿವಿ ಕೆಂಪಾಯಿತು. ಅದನ್ನು ನೋಡುವುದೆಂದರೆ ಅವಳಿಗೆ ಬಲು ಇಷ್ಟ.

ಅವನು ದನಿ ತಗ್ಗಿಸಿದ. “ಬೇರೆ ಯಾರೂ ಬಾಗಿಲೇ ತೆಗೀತಿಲ್ಲ ರೀ. ಹನ್ನೊಂದಕ್ಕೆ ಹುಣಸೆ ಮರದ ಕೆಳಗೆ ಸಭೆ. ಇವತ್ತೂ ಜನ ಬರ್ಲಿಲ್ಲ ಅಂದ್ರೆ ಈ ಬೀಟು ಬೇರೆಯವರಿಗೆ. ನನ್ನನ್ನ ಮಳವಳ್ಳಿ ಕಡೆ ಹಾಕ್ತಾರೆ.”

ಶ್ವೇತ ತಕ್ಷಣ ಬೀದಿಗಿಳಿದಳು. ದುಪಟ್ಟಾ ಬಿಗಿದುಕೊಂಡು ಮನೆಮನೆ ಅಲೆದಳು. “ಬನ್ನಿ, ಒಳ್ಳೆಯವರು, ಕಚ್ಚಲ್ಲ!” ಯಾರೂ ಜಗ್ಗಲಿಲ್ಲ.

ಹನ್ನೊಂದಾಯಿತು. ಮೂವತ್ತು ಕುರ್ಚಿ, ಕೂತವಳು ಅವಳೊಬ್ಬಳೇ. ಅವನು ಅವಳನ್ನು ನೋಡಿ ನಕ್ಕ. ಆ ನಗು ನೋಡಿ ಅವಳಿಗೆ ಅಳು ಬಂತು.

ಅಷ್ಟರಲ್ಲಿ ಮೇಲಿನ ಗೂಡಿನಿಂದ ಕೊಕ್ಕರೆಯ ಮರಿಯೊಂದು ಜಾರಿತು! ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಆ ಹಕ್ಕಿಗಳನ್ನು ಸಾಕಿದ ಊರು ಅದು. ಕಿಟಕಿಗಳೆಲ್ಲ ಒಟ್ಟಿಗೇ ಚೀರಿದವು.

ರಘು ಟೋಪಿ ಎಸೆದು ಓಡಿದ, ಮಂಡಿಯೂರಿ ಎರಡೂ ಕೈಯಲ್ಲಿ ಹಿಡಿದೇ ಹಿಡಿದ. ಹೆದರಿದ ಮರಿ ಹೊಟ್ಟೆಯಲ್ಲಿದ್ದ ಮೀನನ್ನೆಲ್ಲ ಅವನ ಇಸ್ತ್ರಿ ಶರ್ಟಿನ ಮೇಲೆ ಕಕ್ಕಿತು. ಅವನು ಬಿಡಲಿಲ್ಲ.

“ಹೆದರಬೇಡ ಕಣೇ, ನಾನಿದ್ದೀನಿ,” ಎಂದು ಮರಿಗೆ ಪಿಸುಗುಟ್ಟಿದ.

“ಬುಡ್ಬ್ಯಾಡ ಕಣ್ಲಾ ಮಗ, ಬಂದೆ!” ಇದುವರೆಗೂ ಬಾಗಿಲೇ ತೆಗೆಯದ ಸೋಮಮ್ಮ ನೀರಿನ ಚೊಂಬು ಹಿಡಿದು ಓಡಿ ಬಂದಳು. ಹಿಂದೆಯೇ ಇಡೀ ಬೀದಿ. ಮರಿಗೆ ಬುಟ್ಟಿ ಸಿಕ್ಕಿತು, ಅವನಿಗೆ ಟವೆಲು. ಕುರ್ಚಿಗಳು ಸಾಲಲಿಲ್ಲ.

“ಬಸ್‌ಸ್ಟಾಪ್‌ನಾಗೆ ಐಕ್ಳು ನಮ್ ಎಣ್ಮಕ್ಳಿಗೆ ಕಾಟ ಕೊಡ್ತಾರೆ, ಬರ್ಕೋ,” ಎಂದಳು ಸೋಮಮ್ಮ. ಅವನು ಬರೆದುಕೊಂಡ. “ಸಂಜೆಯಿಂದಲೇ ಅಲ್ಲಿ ನಿಲ್ತೀನಮ್ಮ.” ಎಲ್ಲರೂ ಅವನ ನಂಬರನ್ನು ಮೊಬೈಲಿಗೆ ಹಾಕಿಕೊಂಡರು.

ಶ್ವೇತ ತನ್ನ ಮನೆಯ ಫಾರಂ ಕಿತ್ತುಕೊಂಡು ನೋಡಿದಳು. ಮೊದಲ ದಿನದ ತಾರೀಖಿನಲ್ಲೇ ಉಳಿದದ್ದೆಲ್ಲ ತುಂಬಿತ್ತು, ಕಳ್ಳ! ಕೊನೆಯಲ್ಲಿ ‘ಸಲಹೆ (ಇದ್ದರೆ ಮಾತ್ರ)’ ಎಂಬ ಕಾಲಂ ಒಂದೇ ಖಾಲಿ. ಅಲ್ಲೇ ಬರೆದು ಕೊಟ್ಟಳು.

“ಮುಂದಿನ ಸಲ ಯೂನಿಫಾರಂ ಬೇಡ. ನಿಮ್ಮ ಅಮ್ಮನ ಜೊತೆ ಬನ್ನಿ.”

ಅವನ ಕಿವಿ ಮತ್ತೆ ಕೆಂಪಾಯಿತು. “ಭಾನುವಾರ ಬರ್ಲಾ?”

“ಅಷ್ಟು ದಿನ ಯಾಕೆ?” ಎಂದಳು ಶ್ವೇತ, ಇಡೀ ಊರಿನ ಎದುರಿಗೇ.