ಕೊಡೂ ಸೀರಿ

"ರೇಷ್ಮಿ ಸಾಕವಾ. ಇನ್ನ ಕೊಡೂ ಸೀರಿ ತೋರಸು. ಮನಿ ಕೆಲಸದವರಿಗೆ."

ದೀಪಾವಳಿಯ ಗಿರಾಕಿಗಳಿಂದ ದಾಂಡೇಲಿಯ ಆ ಬಟ್ಟೆ ಅಂಗಡಿ ಗಿಜಿಗುಡುತ್ತಿತ್ತು. ಹಾಗೆಂದವರು ಹಳಿಯಾಳದ ಮಹಾದೇವಕ್ಕ. ಅವರ ಪಕ್ಕದಲ್ಲಿ... ಮಗ ರುದ್ರೇಶ!

ಸೀರೆ ತೋರಿಸುತ್ತಿದ್ದ ರೂಪಾಲಿ ತಲೆ ತಗ್ಗಿಸಿ ಕೆಳಗಿನ ಕಪಾಟಿಗೆ ಕೈ ಹಾಕಿದಳು.

ಹಳಿಯಾಳದಿಂದ ಇಬ್ಬರಿಗೂ ದಿನಾ ಒಂದೇ ಬಸ್ಸು. ಅವನು ತನ್ನ ಹಾರ್ಡ್‌ವೇರ್ ಅಂಗಡಿಗೆ, ಅವಳು ಇಲ್ಲಿಗೆ. ಪರಿಚಯ ಪ್ರೀತಿಯಾಗಿ ವರ್ಷ ಕಳೆದಿತ್ತು. ಆದರೂ ತನ್ನವ್ವ ಅವನ ಮನೆಯ ಅಡುಗೆ ಕೆಲಸದ ನೀಲಕ್ಕ ಎನ್ನುವುದನ್ನು ಮಾತ್ರ ಅವಳು ಹೇಳಿರಲಿಲ್ಲ. ಬಾಯಿಯೇ ಬಂದಿರಲಿಲ್ಲ.

ಮಹಾದೇವಕ್ಕ ತಮ್ಮ ರೇಷ್ಮೆಯ ಸೆರಗನ್ನು ಬೆಳಕಿಗೆ ಹಿಡಿದು, ಹೊರಳಿಸಿ ನೋಡಿ ಆರಿಸಿದ್ದರು. ಕೆಳಗಿನ ಕಪಾಟಿನಿಂದ ಬಂದ ಕಟ್ಟನ್ನು ಬಿಡಿಸಲೂ ಇಲ್ಲ.

"ರುದ್ರೇಶ, ಯಾವ ಬಣ್ಣ ತಗೊಳ್ಳೂಣು?"

ರೂಪಾಲಿಯ ಮೇಲಿನ ಪ್ರೀತಿಯ ಗುಟ್ಟು ಅವ್ವನಿಗೆ ತನ್ನ ಮುಖದಲ್ಲಿ ಕಾಣದಿರಲೆಂದು ರುದ್ರೇಶ ಮೊಬೈಲ್ ನೋಡುತ್ತಿದ್ದ.

"ಯಾವುದಾದ್ರೇನವ್ವಾ... ಕೆಲಸದವರಿಗೆ ಅಲ್ಲೇನು? ಮ್ಯಾಲಿಂದು ತಗೊಂಡು ನಡಿ."

'ಉಡುವಾಕಿ ನಮ್ಮವ್ವ, ರುದ್ರೇಶ...'

ಅಳು ಬರಬೇಕಿತ್ತು. ಬರಲಿಲ್ಲ. ಅವಳು ಸೀರೆಯನ್ನು ಚೀಲಕ್ಕೆ ಹಾಕಿ, "ಮತ್ತೇನು ತೋರಸಲಿ?" ಎಂದಳು.

ಹಬ್ಬದ ಹಿಂದಿನ ಸಂಜೆ ನೀಲಕ್ಕ ಅದೇ ಸೀರೆ, ಒಂದು ಡಬ್ಬಿ ಕರ್ಚಿಕಾಯಿ ಹಿಡಿದು ಮನೆಗೆ ಬಂದಳು.

"ತುಪ್ಪದಾಗ ಕರದದ್ದು ಬೀಗರಿಗೆ. ಇವು ಡಾಲ್ಡಾದವು. ಚೊಲೋ ಆಗ್ಯಾವು, ತಿನ್ನು."

"ಎರಡೂ ನೀನ ಮಾಡಿದ್ದಲ್ಲವ್ವಾ?"

"ಮತ್ಯಾರು ಮಾಡ್ತಾರ?" ನೀಲಕ್ಕ ನಕ್ಕಳು.

ರೂಪಾಲಿ ತಿಂದಳು. ನಾಲಿಗೆಗೆ ಸಿಹಿಯೇ ತಿಳಿಯಲಿಲ್ಲ. ರುದ್ರೇಶನ ಕರೆ ಬರುತ್ತಲೇ ಇತ್ತು... ಎತ್ತದೆ, ಪರದೆಯ ಮೇಲಿನ ಹೆಸರನ್ನೇ ನೋಡುತ್ತ ಕುಳಿತಳು.

ಪಾಡ್ಯದ ದಿನ ಮಹಾದೇವಕ್ಕನ ಮನೆಯಲ್ಲಿ ಹಿರಿಮಗಳ ಅತ್ತೆಮನೆಯ ಬೀಗರಿಗೆ ಊಟ. "ಬಡಸಾಕ ನಾನೂ ಬರ್ತೇನಿ," ಎಂದ ರೂಪಾಲಿ, ಅವ್ವನ ಹೊಸ ಸೀರೆಯನ್ನೇ ಉಟ್ಟು ಹೊರಟಳು.

ಹೋಳಿಗೆ ಬಡಿಸುತ್ತ ಬಂದವಳನ್ನು ಕಂಡು ರುದ್ರೇಶನ ಕೈ ತಟ್ಟೆಯಲ್ಲೇ ನಿಂತಿತು.

"ನೀನು... ಇಲ್ಲಿ?!"

"ನೀಲಕ್ಕನ ಮಗಳ್ರಿ ನಾ. ತುಪ್ಪ ಹಾಕಲೇನ್ರಿ?"

ಅವನು ಅವಳ ಸೀರೆ ನೋಡಿದ. ಮೊನ್ನೆ ಅವ್ವ ನೀಲಕ್ಕನ ಕೈಗಿಟ್ಟದ್ದು ಅದನ್ನೇ. ಒಮ್ಮೆಲೇ ಎದ್ದು, ತಟ್ಟೆ ಹಿಡಿದು ಅಡುಗೆಮನೆಗೆ ನಡೆದು ನೀಲಕ್ಕನ ಪಕ್ಕ ನೆಲಕ್ಕೆ ಕುಳಿತ.

"ಅಯ್ಯ! ಇಲ್ಲ್ಯಾಕ ಕುಂತ್ರಿ ಸಾವಕಾರ್ರ?"

"ಆ ಸೀರಿ ಕಣ್ಣೆತ್ತಿ ಸೈತ ನೋಡದನ ತಗಸಿದಾಂವ ನಾ, ನೀಲಕ್ಕ. ತಪ್ಪಾತು."

ಮಹಾದೇವಕ್ಕ ಬಾಗಿಲಿಗೆ ಬಂದರು. "ಬೀಗರು ನೋಡಾಕತ್ತಾರ! ಏಳ ಮ್ಯಾಲ!"

"ನೋಡ್ಲಿ ಬಿಡವ್ವಾ. ನಾ ಲಗ್ನ ಆದ್ರ ರೂಪಾಲಿನ್ನ."

ನೀಲಕ್ಕನ ಕೈಯ ಸೌಟು ಅಲ್ಲೇ ನಿಂತಿತು. ಮಹಾದೇವಕ್ಕ ಬಾಗಿಲು ಎಳೆದುಕೊಂಡು ಬೀಗರತ್ತ ಹಿಂತಿರುಗಿದರು.

ಆ ಮಾತಿಗಾಗಿ ರೂಪಾಲಿ ವರ್ಷವಿಡೀ ಕಾದಿದ್ದಳು. ಈಗ ಕೇಳಿಯೂ ಎದೆಯಲ್ಲಿ ಏನೂ ಅಲುಗಲಿಲ್ಲ...

ಕೆಲಸ ಮುಗಿಸಿ ಹೊರಟಾಗ ನೀಲಕ್ಕ ಮುಂದೆ ನಡೆದಳು. ರುದ್ರೇಶ ಗೇಟಿನವರೆಗೆ ಬಂದ.

"ನಿಮ್ಮವ್ವ ಒಪ್ಪೂದಿಲ್ಲ," ಎಂದಳು ರೂಪಾಲಿ.

"ಇವತ್ತು ಒಪ್ಪಿಲ್ಲ. ನಾ ಬಿಡೂದಿಲ್ಲ."

"ನನಗ ಸಿಟ್ಟೂ ಬರವಲ್ದು, ಖುಷಿನೂ ಆಗವಲ್ದು... ಒಳಗೆಲ್ಲಾ ಮರಗಟ್ಟಿದಂಗ ಆಗೇತಿ. ಅವ್ವನ ಕೆಲಸ ಹೇಳಾಕ ನಾನೂ ನಾಚಿದ್ನಿ. ನಿನಗೊಬ್ಬಾಂವಗ ಹೆಂಗ ಬೈಲಿ?"

"ಏನೂ ಅನಸದಿದ್ರ ಇರ್ಲಿ. ಅನಸೂತನಕ ನಾ ಇರ್ತೇನಿ," ಎಂದ ಅವನು. "ನಾಳೆ ನಿಮ್ಮ ಮನಿಗೆ ಬರಲೇನು?"

ಅವಳು ಗೇಟು ತೆರೆದು ಹೊರಗೆ ಹೋಗಿ, ತಿರುಗಿ ನಿಂತಳು.

"ನಮ್ಮಲ್ಲಿ ರೊಟ್ಟಿ, ಪುಂಡಿಪಲ್ಯ ಅಷ್ಟ."

"ಬರಲೇನು?"

"ಹಸಕೊಂಡು ಬಾ."