ಕಲೆ ಡಾಕ್ಟರ್ ಕೊಟ್ಟ ಮಾತು

"ನನ್ನ ವೆಬ್‌ಸೈಟಿನ ಆದಾಯ ನನ್ನ ಸಂಬಳಕ್ಕೆ ಸಮ ಆಗಲಿ. ಆ ದಿನ ನಿಮಗೆ ಉತ್ತರ ಹೇಳ್ತೀನಿ. ಅಲ್ಲಿವರೆಗೂ ಕೇಳಬೇಡಿ."

ಮೂರು ವರ್ಷದ ಹಿಂದೆ, ಲಾಂಡ್ರಿಯ ಬಿಸಿ ಹಬೆಯ ನಡುವೆ ನಿಂತು, ಮದುವೆಯ ಮಾತೆತ್ತಿದ ಅವನಿಗೆ ಅವಳು ಕೊಟ್ಟ ಮಾತು ಅದು.

ಅದಕ್ಕೂ ಆರು ತಿಂಗಳ ಮುಂಚೆ ಅವನು ಮೊದಲ ಸಲ ಅವಳು ಇಸ್ತ್ರಿ ಮಾಡುವ ಆ ಲಾಂಡ್ರಿಗೆ ಬಂದಿದ್ದ. ಎದುರು ಸಾಲಿನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಹೊಳಪು ಕೊಡುವವನು. ಕೈಯಲ್ಲಿ ಒಂದು ಬಿಳಿ ಅಂಗಿ, ಅದರ ಎದೆಯ ಮೇಲೆ ಕೆಂಪು ಪಾಲಿಶ್ ಪುಡಿಯ ದೊಡ್ಡ ಕಲೆ.

"ನೀರು ಹಾಕಿಬಿಟ್ರಾ?" ಅವಳು ಸಿಡುಕಿದಳು.

"ಹೂಂ... ತೊಳೆದರೆ ಹೋಗುತ್ತೆ ಅಂತ..."

"ಅಯ್ಯೋ! ಮೊದಲು ಒಣಗಿಸಿ, ಬ್ರಷ್‌ನಲ್ಲಿ ಉದುರಿಸಬೇಕು ಕಣ್ರೀ! ದಿನಾ ಕೆಂಪು ಪುಡಿ ಜೊತೆ ಕೆಲಸ ಮಾಡ್ತೀರಿ, ಇಷ್ಟೂ ಗೊತ್ತಿಲ್ವಾ?"

ಬೈಸಿಕೊಂಡು ಇಷ್ಟು ಖುಷಿಪಟ್ಟವನನ್ನು ಅವಳು ಅದುವರೆಗೆ ನೋಡಿರಲಿಲ್ಲ!

ಮರುದಿನ ಅಂಗಿ ಹೊಸದರಂತಿತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನೆಲ್ಲ ಬರೆದಿಡಿ. ಊರಿಗೆಲ್ಲ ಬೇಕಾದ ವಿಷಯ" ಎಂದ.

ಅವಳು ಒಂದು ವೆಬ್‌ಸೈಟ್ ತೆರೆದು ಬರೆದಿಟ್ಟಳು.

ಬರೆದದ್ದು ಎಂದರೆ ಸುಮ್ಮನೆ ಬರೆದದ್ದಲ್ಲ. ಶಾಯಿ, ತುಕ್ಕು, ರಕ್ತ, ಮೇಣ, ಲಿಪ್‌ಸ್ಟಿಕ್... ಒಂದೊಂದನ್ನೂ ಹತ್ತಿ, ರೇಷ್ಮೆ, ಉಣ್ಣೆಯ ತುಂಡುಗಳ ಮೇಲೆ ತಾನೇ ಬಳಿದು, ತಾನೇ ತೆಗೆದು, ಮುಂಚೆ ಒಂದು ಫೋಟೋ, ಆಮೇಲೆ ಒಂದು ಫೋಟೋ. ಹೋಗದ ಕಲೆಯನ್ನು ಹೋಗುತ್ತದೆ ಎಂದು ಒಮ್ಮೆಯೂ ಬರೆಯಲಿಲ್ಲ. "ಇದು ಹೋಗಲ್ಲ. ಸುಮ್ಮನೆ ಬಟ್ಟೆಗೆ ಹಿಂಸೆ ಕೊಡಬೇಡಿ" ಎಂದೇ ಬರೆದಳು. ದಿನವಿಡೀ ಇಸ್ತ್ರಿ ಹಿಡಿದು ಜೋಮು ಹಿಡಿದ ಅದೇ ಬೆರಳುಗಳಿಂದ ನೂರ ನಲವತ್ತು ಲೇಖನ! ಬೀದಿಯವರು ಅವಳನ್ನು ಕಲೆ ಡಾಕ್ಟರ್ ಎಂದು ಕರೆಯತೊಡಗಿದರು.

ಆಮೇಲೆ ಒಂದು ಜಾಹೀರಾತು ಕಂಪನಿಗೆ ಅರ್ಜಿ ಹಾಕಿದಳು. ಅವರು ಸೈಟ್ ನೋಡಿ ಒಪ್ಪಿದರು. ಅವಳ ಬರಹದ ಪಕ್ಕದಲ್ಲಿ ಸೋಪಿನದೋ ವಾಷಿಂಗ್ ಮಷೀನಿನದೋ ಜಾಹೀರಾತು ಬರುತ್ತಿತ್ತು. ಓದುಗರು ತಮಗೆ ಬೇಕೆನಿಸಿ ಅದನ್ನು ಒತ್ತಿದರೆ ಅವಳಿಗೆ ಒಂದು ಪಾಲು. ಮೊದಲ ತಿಂಗಳ ಪಾಲಿನಲ್ಲಿ ಒಂದು ಸೋಪೂ ಬರುತ್ತಿರಲಿಲ್ಲ!

ಆದರೂ ಬೆಳೆಯಿತು. ಈ ವರ್ಷವಂತೂ ಸರಸರನೆ ಏರಿ, ಸಂಬಳದ ಮುಕ್ಕಾಲು ಭಾಗಕ್ಕೆ ಬಂದು ನಿಂತಿತ್ತು.

"ಇನ್ನು ಕಾಲು ಭಾಗ..." ಅವಳು ಒಳಗೊಳಗೇ ನಾಚಿಕೊಂಡಳು. 'ಆಮೇಲೆ ಅವನಿಗೆ ಹೂಂ ಅನ್ನಬಹುದು... ನನ್ನ ಕಾಲ ಮೇಲೆ ನಾನು ನಿಂತು!'

ಅಷ್ಟರಲ್ಲಿ ಜಾಹೀರಾತು ಕಂಪನಿಯಿಂದ ಆ ಮೇಲ್ ಬಂತು.

*ನಿಮ್ಮ ಸೈಟಿನಲ್ಲಿ ಅಸಹಜ ಕ್ಲಿಕ್‌ಗಳು ಕಂಡುಬಂದಿವೆ. ನಿಮ್ಮ ಖಾತೆಯನ್ನು ಮುಚ್ಚಲಾಗಿದೆ.*

ಅವಳು ಮೂರು ಸಲ ಓದಿದಳು. ಇಸ್ತ್ರಿ ಮೇಜಿನ ಮೇಲೆ ಯಾರದೋ ಕಾಲರ್ ಕರಕಲಾಗುವ ವಾಸನೆ ಬಂದಾಗಲೇ ಎಚ್ಚರ. ಹತ್ತು ವರ್ಷದಲ್ಲಿ ಅವಳು ಸುಟ್ಟ ಮೊದಲ ಬಟ್ಟೆ ಅದು.

ಊಟದ ಬಿಡುವಿನಲ್ಲಿ ಎದುರಂಗಡಿಗೆ ಓಡಿದಳು.

"ಯಾರೋ ಬೇಕಂತಲೇ ನನ್ನ ಜಾಹೀರಾತು ಒತ್ತಿದ್ದಾರೆ! ಸುಳ್ಳು ಕ್ಲಿಕ್ ಅಂತೆ! ನಾನು ಯಾರಿಗೇನು ಅನ್ಯಾಯ ಮಾಡಿದ್ದೆ ಹೇಳಿ..."

ಅವನ ಕೈಯಲ್ಲಿದ್ದ ಗಾಜು ಮೇಜಿನ ಮೇಲೆ ಜಾರಿತು. ಮುಖ ಬಿಳಿಚಿಕೊಂಡಿತ್ತು.

"ಅದು... ನಾನು."

"ಏನು?"

"ದಿನಾ ಊಟದ ಹೊತ್ತಿಗೆ ನಿನ್ನ ಸೈಟ್ ತೆರೀತಿದ್ದೆ. ಹತ್ತು ಹನ್ನೆರಡು ಸಲ ಒತ್ತುತಿದ್ದೆ. ನನ್ನ ಫೋನು, ಅಂಗಡಿ ಫೋನು, ಮನೆಗೆ ಹೋದರೆ ತಂಗಿ ಫೋನು... ಅದು ತಪ್ಪು ಅಂತ ನಿಜವಾಗಲೂ ಗೊತ್ತಿರಲಿಲ್ಲ! ಬೇಗ ಸಂಬಳಕ್ಕೆ ಸಮ ಆಗಲಿ... ನೀನು ಬೇಗ ಹೂಂ ಅನ್ನಲಿ ಅಂತ..."

 ಖಾತೆ ಹೋದದ್ದಕ್ಕಿಂತ ಬೇರೇನೋ ಅವಳ ಎದೆಗೆ ಚುಚ್ಚಿತ್ತು.

"ಅಂದರೆ... ಈ ವರ್ಷ ಏರಿದ್ದು ನನ್ನ ಬರಹ ಅಲ್ಲ. ನಿಮ್ಮ ಬೆರಳು!" ಅವಳು ಬಾಗಿಲ ಕಡೆ ತಿರುಗಿದಳು. "ಇನ್ನು ಲಾಂಡ್ರಿಗೆ ಬರಬೇಡಿ. ನನ್ನ ಸೈಟೂ ತೆರೀಬೇಡಿ."

ಅವನು ಬರಲಿಲ್ಲ. ವಾರದ ನಂತರ ಅವನದೊಂದು ಲಕೋಟೆ ಮನೆಗೆ ಬಂತು. ನಾಲ್ಕು ದಿನ ಅವಳು ಅದನ್ನು ಮುಟ್ಟಲಿಲ್ಲ.

"ಒಡೆದು ನೋಡೇ ಮಹಾರಾಣಿ," ಅಮ್ಮ ರೇಗಿಸಿದಳು. "ಕಾಗದ ಕಚ್ಚುತ್ತಾ?"

ಒಳಗೆ ಪ್ರೇಮಪತ್ರ ಇರಲಿಲ್ಲ. ಕನ್ನಡಕದ ನಂಬರ್ ಬರೆಯುವ ಚೀಟಿಗಳ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಯಾವ ತಿಂಗಳಿಂದ, ಯಾವ ಯಾವ ಫೋನಿನಿಂದ, ದಿನಕ್ಕೆ ಸುಮಾರು ಎಷ್ಟು ಸಲ ಎಂಬ ಪಟ್ಟಿ. ಕೊನೆಯಲ್ಲಿ ಒಂದೇ ಸಾಲು: *ತಪ್ಪು ಪೂರ್ತಿ ನನ್ನದು. ಬೇಕಾದ ಕಡೆ ನನ್ನ ಹೆಸರು ಕೊಡು.*

"ಯಾರೋ ಶತ್ರು ಮಾಡಿದ್ದು ಅಂತ ಬರೆದುಬಿಡು," ಅಮ್ಮ ಪಿಸುಗುಟ್ಟಿದಳು. "ಕಂಪನಿಯವರೇನು ಮನೆಗೆ ಬಂದು ನೋಡ್ತಾರಾ?"

"ಹೋಗದ ಕಲೆನ ಹೋಗುತ್ತೆ ಅಂತ ಇವತ್ತಿನವರೆಗೂ ಬರೆದಿಲ್ಲಮ್ಮ."

ಅವಳು ಇದ್ದದ್ದನ್ನು ಇದ್ದ ಹಾಗೇ ಬರೆದು ಮೇಲ್ಮನವಿ ಕಳಿಸಿದಳು. ನನ್ನನ್ನು ಇಷ್ಟಪಡುವ ಒಬ್ಬರು ತಿಳಿಯದೆ ಮಾಡಿದರು, ಪಟ್ಟಿ ಇಲ್ಲಿದೆ, ಆ ಹಣ ನನಗೆ ಬೇಡ.

ಐದು ವಾರ. ಉತ್ತರ ಬಂತು. ಖಾತೆ ಮತ್ತೆ ತೆರೆದಿತ್ತು, ಸೊನ್ನೆಯಿಂದ.

ಒಂದು ತಿಂಗಳು ಅವಳು ಕಾದಳು. ಲೆಕ್ಕ ನೋಡಿದ ಮಧ್ಯಾಹ್ನ ರಸ್ತೆ ದಾಟಿ ಎದುರಂಗಡಿಯ ಬಾಗಿಲು ತಳ್ಳಿದಳು.

ಅವನು ತಲೆ ಎತ್ತಿದ. ಮೈಮೇಲೆ ಅದೇ ಬಿಳಿ ಅಂಗಿ. ಎದೆಯ ಮೇಲೆ ಅಂಗೈಯಗಲ ಕೆಂಪು ಕಲೆ!

"ಇದೇನು ಅವತಾರ? ಲಾಂಡ್ರಿಗೆ ಕೊಡೋಕೆ ಏನಾಗಿತ್ತು?"

"ನೀನೇ ಬರಬೇಡ ಅಂದೆ."

"ಸೈಟಿನಲ್ಲಿ ಇದೆಯಲ್ಲ! ಮೊದಲನೇ ಲೇಖನವೇ ಅದು!"

"ತೆರೀಬೇಡ ಅಂದೆಯಲ್ಲ..."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎರಡೂವರೆ ತಿಂಗಳು! ಈ ಮನುಷ್ಯ ಕಲೆ ಹೊತ್ತುಕೊಂಡು ತಿರುಗಿದ್ದಾನೆ... ತನ್ನ ಒಂದು ಮಾತಿಗೆ!

"ಈ ತಿಂಗಳು ಎಷ್ಟಾಯ್ತು?" ಅವನು ಹೆದರುತ್ತಾ ಕೇಳಿದ.

"ಸಂಬಳದ ಅರ್ಧ. ನಿಮ್ಮ ಬೆರಳಿಲ್ಲದೇ!"

"ಅರ್ಧ? ಪೂರ್ತಿ ನಿನ್ನದೇ?" ಅವನ ಕಣ್ಣು ಅರಳಿತು. "ನಂಗೊತ್ತಿತ್ತು! ನೀನು ಬರೆದ ಹಾಗೆ ಯಾರು ಬರೀತಾರೆ! ಕಾಯ್ತೀನಿ ಬಿಡು. ಇನ್ನರ್ಧ ಆಗೋವರೆಗೂ..."

"ಹೂಂ."

"ಹೂಂ, ಕಾಯ್ತೀನಿ ಅಂತ ಹೇಳಿದೆನಲ್ಲ."

"ಅಯ್ಯೋ ದಡ್ಡ... ನಾನು ಹೂಂ ಅಂದೆ! ಅದೇ ನನ್ನ ಉತ್ತರ."

ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವಳನ್ನೇ ನೋಡಿದ.

"ಅಂಗಿ ಬಿಚ್ಚಿ ಕೊಡಿ," ಅವಳು ಕೈ ಚಾಚಿದಳು. "ನೀರು ಹಾಕಿಲ್ಲ ತಾನೇ?"

"ಹಾಕಿಲ್ಲ."

ಆದಾಯ ಸಂಬಳಕ್ಕೆ ಸಮವಾಗುವವರೆಗೆ ಉತ್ತರ ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಆ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.