ಸಿರುಗುಪ್ಪದ ಹಾರ್ಮೋನಿಯಂ ವಿಡಿಯೋ

ಇದನ್ನು ಹೇಳಲು ಹೊರಟಿದ್ದಕ್ಕೆ ಓದುಗರು ಮೊದಲೇ ಕ್ಷಮಿಸಬೇಕು. ಇಲ್ಲಿ ಕೊಲೆಯಿಲ್ಲ, ಬಂದೂಕಿಲ್ಲ. ಕಳುವಾದದ್ದು ಒಂದು ಊಟದ ಡಬ್ಬಿಯಲ್ಲಿ ಹಿಡಿಯುವಷ್ಟು ಹಿತ್ತಾಳೆ. ಪಳಗಿದವರು ಇದನ್ನು ಇನ್ನೂ ಬಿಗಿಯಾಗಿ ಹೇಳುತ್ತಿದ್ದರು. ಆದರೆ ಅವರು ಯಾರೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಕುರುಗೋಡಿನ ವೀರಭದ್ರನ ಮನೆಯ ಪಡಸಾಲೆ. ಬಳ್ಳಾರಿಯ ಗಾಂಧಿನಗರದಿಂದ ಬಂದ ಸಂಗೀತ ಮೇಷ್ಟ್ರು ಗುರುಸ್ವಾಮಿ ಹಾರ್ಮೋನಿಯಂನ ಮುಚ್ಚಳ ತೆಗೆದರು. ಒಳಗೆ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ವೀರಭದ್ರಪ್ಪ, ಇವು ನಿಮ್ಮ ಅಜ್ಜನ ಕಾಲದ ರೀಡಲ್ಲ. ಎಲ್ಲಾ ಹೊಸಾವು."

ವೀರಭದ್ರ ಕುರ್ಚಿ ಹಿಡಿದುಕೊಂಡ. ಅವನ ಅಜ್ಜ ನಾಟಕ ಕಂಪನಿ ನಡೆಸಿದವರು. ಕಾಲಿನಿಂದ ತಿದಿ ಒತ್ತಿ ನುಡಿಸುವ ಆ ದೊಡ್ಡ ಪೆಟ್ಟಿಗೆ ಅವರದು. ಪೆಟ್ಟಿಗೆಯ ಜೀವ ಅದರ ರೀಡುಗಳಲ್ಲಿತ್ತು. ಗಾಳಿ ತಾಗಿದರೆ ಮಿಡಿಯುವ ತೆಳು ಹಿತ್ತಾಳೆ ಪಟ್ಟಿಗಳು. ನೂರು ವರ್ಷದ ಹಿಂದೆ ಹಡಗಿನಲ್ಲಿ ಬಂದವು. ಅಂಥವು ಈಗ ಎಲ್ಲಿಯೂ ಸಿಗುವುದಿಲ್ಲ. ಹಿಂದಿನ ದಿನ ಅಜ್ಜನ ನೆನಪಿಗೆ ಇಟ್ಟುಕೊಂಡಿದ್ದ ರಂಗಗೀತೆಗಳ ಕಾರ್ಯಕ್ರಮದಲ್ಲಿ ಪೆಟ್ಟಿಗೆ ತಗಡು ಕೆರೆದಂತೆ ಕಿರುಗುಟ್ಟಿತ್ತು. ಅದಕ್ಕೇ ಮೇಷ್ಟ್ರನ್ನು ಕರೆಸಿದ್ದು.

ಹನ್ನೊಂದಕ್ಕೆ ಹೆಡ್ ಕಾನ್‌ಸ್ಟೇಬಲ್ ತಿಪ್ಪೇಶ ಬಂದ. ಸಂಜೆ ಕಾಲೇಜಿನಲ್ಲಿ ಓದಿ ಡಿಗ್ರಿ ಮಾಡಿಕೊಂಡವನು. ಬರೆದದ್ದನ್ನು ಎರಡು ಸಲ ಓದದೆ ಸಹಿ ಹಾಕಿಸಿಕೊಳ್ಳುವವನಲ್ಲ.

"ಮೇಷ್ಟ್ರ, ಈ ಪೆಟಗಿ ನೀವು ಮೊದಲ ನೋಡಿದ್ರೇನ್ರಿ?"

"ಇಲ್ಲಪ್ಪ. ಇವತ್ತೇ ಮೊದಲು."

"ಮತ್ತ ರೀಡು ಹೊಸಾವು ಅಂತ ಹೆಂಗ ಗೊತ್ತಾತ್ರಿ?"

"ಹಾಲಿಗೂ ಸುಣ್ಣದ ನೀರಿಗೂ ವ್ಯತ್ಯಾಸ ಗೊತ್ತಾಗೋದಿಲ್ಲೇನು?"

ತಿಪ್ಪೇಶ ಬರೆದುಕೊಂಡ. ಗುರುಸ್ವಾಮಿ ಎರಡು ಸಲ ಓದಿ ಸಹಿ ಹಾಕಿದರು.

ವೀರಭದ್ರನಿಗೆ ಕಳ್ಳ ಯಾರೆಂದು ಆಗಲೇ ಗೊತ್ತಾಗಿತ್ತು. "ಒಂದು ತಿಂಗಳು ಸಿರುಗುಪ್ಪದ ಚಿನ್ನಪ್ಪನ ಹತ್ರ ರಿಪೇರಿಗೆ ಇತ್ರಿ. ಅವನ ಮಗಳು ಅದರ ವಿಡಿಯೋ ಬ್ಯಾರೆ ಮಾಡ್ಯಾಳ. ನೋಡ್ರಿಲ್ಲೆ, ಜನಾನ ಹಿಡದಾರ."

ಮೊಬೈಲು ಚಾಚಿದ. ವಿಡಿಯೋದ ಕೆಳಗೆ ಒಬ್ಬ ನೋಡುಗ ಬರೆದಿದ್ದ: "6:40ರಲ್ಲಿ ರೀಡು ಹಳದಿ. 9:10ರಲ್ಲಿ ಬಿಳುಪು. ಮಧ್ಯದಲ್ಲಿ ಏನಾಯ್ತಣ್ಣಾ?"

"ನಿಮ್ಮ ಕೇರಿ ಮನುಷ್ಯಾ ಅಂತ ಕೈ ಬಿಡಬ್ಯಾಡ್ರಿ ಮತ್ತ" ಎಂದ ವೀರಭದ್ರ.

ತಿಪ್ಪೇಶ ಪೆನ್ನಿನ ಕ್ಯಾಪು ಹಾಕಿದ.

* * *

ಸೋಮವಾರದ ಹೊತ್ತಿಗೆ ಆ ಪ್ರಶ್ನೆಗೆ ಸಾವಿರದ ನಾನೂರು ಲೈಕು. ವೀರಭದ್ರನ ಕಡೆಯವರು ಯಾರೋ ಅದರ ಕೆಳಗೆ "ಹೌದು, ಇವನು ಕಳ್ಳ. ಕೇಸಾಗಿದೆ" ಎಂದು ಬರೆದಿದ್ದರು. ಸಿರುಗುಪ್ಪದಲ್ಲಿ ಇಬ್ಬರು ಗಿರಾಕಿಗಳು ತಮ್ಮ ಪೆಟ್ಟಿಗೆಗಳನ್ನು ಚಿನ್ನಪ್ಪನಿಂದ ಅರ್ಧ ಕೆಲಸಕ್ಕೇ ವಾಪಸು ಒಯ್ದರು.

ಸಬ್‌ಇನ್‌ಸ್ಪೆಕ್ಟರು ಹೇಳಿದರು: "ಬುಧವಾರದೊಳಗ ಬ್ಯಾರೆ ಏನೂ ಸಿಗದಿದ್ರ, ಚಿನ್ನಪ್ಪನ್ನ ಕರಕೊಂಡು ಬಾ."

ತಿಪ್ಪೇಶ ಠಾಣೆಯ ಮೂಲೆಯಲ್ಲಿ ಕೂತು ವಿಡಿಯೋ ನೋಡಿದ. ಠಾಣೆಯಲ್ಲಿ ಸದ್ದು ಬೇಡವೆಂದು ಮೊಬೈಲಿನ ದನಿ ಪೂರ್ತಿ ಇಳಿಸಿದ್ದ. ಹನ್ನೊಂದು ನಿಮಿಷ. ಯಾರ ಮಾತೂ ಇಲ್ಲ. ಎರಡು ಕೈ. ಸ್ಕ್ರೂ ಬಿಚ್ಚುತ್ತವೆ, ಧೂಳು ಒರೆಸುತ್ತವೆ, ರೀಡು ಎತ್ತಿ ಬೆಳಕಿಗೆ ಹಿಡಿಯುತ್ತವೆ. ಕೊನೆಯಲ್ಲಿ ಬೆರಳುಗಳು ಪೆಟ್ಟಿಗೆಯ ಸ್ವರದ ಮನೆಗಳ ಮೇಲೆ ಓಡುತ್ತವೆ, ಬಿಳಿ, ಕಪ್ಪು, ಬಿಳಿ.

ಏಳು ಸಲ ನೋಡಿದ. ಆಮೇಲೆ ಕಾಮೆಂಟುಗಳನ್ನು ಒಂದೊಂದಾಗಿ ಓದಿದ.

"ಮಾತಾಡಿದ್ದರೆ ಕೆಡುತ್ತಿತ್ತು. ಧನ್ಯವಾದ."

"ವೀಣೆ ನುಡಿಸಿದವರ ಹೆಸರು ಹಾಕಿ."

"ಹನ್ನೊಂದು ನಿಮಿಷ ನನ್ನ ಹೆಂಡತಿ ಬೈದದ್ದು ಕೇಳಿಸಲಿಲ್ಲ."

"ಸ್ಕ್ರೂ ಬಿಚ್ಚುವುದನ್ನು ನೋಡಿ ಅಳು ಬಂತು. ಯಾಕೋ."

"ಕೆಲಸ ಅಚ್ಚುಕಟ್ಟು. ಆದರೆ ಮಂದ್ರದ ಎರಡನೇ ಕಪ್ಪು ಮನೆ ಕೂದಲೆಳೆಯಷ್ಟು ಇಳಿದಿದೆ. ಗಮನಿಸಬೇಕಿತ್ತು. – ಸ್ವರಸಾಗರ"

"ಅಂಕಲ್ ಕೈಗೆ ಒಂದು ನಮಸ್ಕಾರ."

ಈ ಜನರೇ ಈಗ ಕಳ್ಳ ಎನ್ನುತ್ತಿದ್ದರು. ಚಿನ್ನಪ್ಪ ಕಳ್ಳನಲ್ಲವೆಂದು ತನಗೆ ಅನಿಸುತ್ತಿರುವುದು ಆ ಕೈಗಳನ್ನು ನೋಡಿಯೋ, ತಾವಿಬ್ಬರೂ ಹುಟ್ಟಿದ ಕೇರಿಯನ್ನು ನೆನೆದೋ? ತಿಪ್ಪೇಶನಿಗೆ ಖಾತ್ರಿಯಿರಲಿಲ್ಲ. ವೀರಭದ್ರನ ಮಾತು ಚುಚ್ಚಿದ್ದು ಅದಕ್ಕೇ.

* * *

ಚಿನ್ನಪ್ಪನ ವರ್ಕ್‌ಶಾಪು ಅಕ್ಕಿ ಗಿರಣಿಯ ಗೋಡೆಗೆ ಅಂಟಿಕೊಂಡಿತ್ತು. ಗಿರಣಿ ಗಡಗಡ ಅನ್ನುತ್ತಿತ್ತು. ಇಬ್ಬರೂ ಕೂಗಿ ಮಾತಾಡಬೇಕಾಯಿತು.

"ಹಿಡಕೊಂಡು ಹೋಗಾಕ ಬಂದ್ಯೇನಪ್ಪಾ?"

"ಕೇಳಾಕ ಬಂದೀನಿ ಮಾವ. ರೀಡಿನ ಬಣ್ಣ ಯಾಕ ಬದಲಾತು?"

ಮಗಳು ಅಕ್ಷಿತಾ ಒಂದು ಹಿತ್ತಾಳೆ ಚೊಂಬು ತಂದಳು. ಬಾಗಿಲ ಬಿಸಿಲಿಗೆ ಹಿಡಿದಳು: ಹಳದಿ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು: ಬಿಳಿಚಿಕೊಂಡಿತು.

"ವಿಡಿಯೋ ಅರ್ಧ ಬೆಳಿಗ್ಗಿ ತಗದದ್ದು, ಅರ್ಧ ಸಂಜಿಮುಂದ. ಇದನ್ನ ಸಾವಿರದ ನಾನೂರು ಮಂದಿಗೆ ಹೆಂಗ ಹೇಳ್ಲಿ ಅಣ್ಣಾ? ಕಳ್ಳ ಅಂತ ಬರದಾಗಿಂದ ಆ ಕಾಮೆಂಟು ಓದೂದನ್ನ ಬಿಟ್ಟೀನಿ."

ಅವಳು ಚಹಾ ಮಾಡಲು ಒಳಗೆ ಹೋದಳು. ತಿಪ್ಪೇಶನಿಗೆ ಸಮಾಧಾನವಾಗಲಿಲ್ಲ. ಬಣ್ಣ ಒಂದೇ ಎಂದಾದರೆ ರೀಡು ಇಲ್ಲಿ ಬದಲಾಗಲಿಲ್ಲ ಎಂದೇನೂ ಅಲ್ಲ. ವಿಡಿಯೋ ಮುಗಿದ ಮೇಲೆ ಬದಲಿಸಿರಬಹುದು.

"ಮಾವ, ನಿನ್ನ ಕೆಲಸದಾಗ ಒಬ್ಬ ತಪ್ಪು ಹಿಡದಾನ. ಮಂದ್ರದ ಎರಡನೇ ಕಪ್ಪು ಮನಿ ಇಳದೈತಂತ."

ಚಿನ್ನಪ್ಪ ತಲೆಯೆತ್ತಿದ. "ಖರೇನ ಇಳದಿತ್ತು. ಏರಿಸಬೇಕಂದ್ರ ರೀಡಿನ ತುದಿ ಕೆರೀಬೇಕು. ಮೊದಲ ತೆಳ್ಳಗಾಗಿತ್ತು. ಮುರದ್ರ ಎಲ್ಲಿಂದ ತರ್ಲಿ? ಹಂಗ ಬಿಟ್ಟೆ. ನನಗ ಬಿಟ್ರ ಯಾರಿಗೂ ಗೊತ್ತಾಗೂದಿಲ್ಲ ಅನಕೊಂಡಿದ್ದೆ. ಯಾವನೋ ಕಿವಿ ಇದ್ದವ ಅದಾನ."

"ವಿಡಿಯೋ ನೀ ನೋಡೀಯೇನು?"

"ನನ್ನ ಕೈ ನಾ ಏನ್ ನೋಡ್ಲಿ."

ಪೆಟ್ಟಿಗೆ ಹೋದದ್ದು ಯಾವಾಗ? ಗುರುವಾರ ಸಂಜೆ ಕೆಲಸ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಹುಲುಗೇಶನ ಟೆಂಪೋದಲ್ಲಿ ಹೇರಿ ಕಳಿಸಿದ. ಅಕ್ಷಿತಾ ಭಾನುವಾರ ವಿಡಿಯೋ ಹಾಕಿದಳು. ಅದರ ಮುಂದಿನ ಶನಿವಾರ ಕುರುಗೋಡಿನ ಕಾರ್ಯಕ್ರಮ.

ತಿಪ್ಪೇಶ ಹಿಂದಿನ ಪುಟ ತಿರುವಿದ. ಪೆಟ್ಟಿಗೆ ಮನೆಗೆ ಬಂದದ್ದು ಕಳಿಸಿದ ಮರುದಿನ, ಶನಿವಾರ ಮಧ್ಯಾಹ್ನ ಎಂದಿದ್ದ ವೀರಭದ್ರ. ಸಿರುಗುಪ್ಪದಿಂದ ಕುರುಗೋಡಿಗೆ ಟೆಂಪೋಕ್ಕೆ ಒಂದೂವರೆ ದಿನ?

* * *

ಹುಲುಗೇಶ ಮಾರ್ಕೆಟ್ಟಿನಲ್ಲಿ ಅಕ್ಕಿ ಚೀಲ ಹೇರುತ್ತಿದ್ದ.

"ಟೈರ್ ಪಂಚರ್ ಆತ್ರಿ ಸಾಹೇಬ್ರ."

"ಒಂದೂವರೆ ದಿನ ಪಂಚರ್ ಹಾಕಿದ್ರೇನು?"

"ಎರಡೂ ಟೈರ್ರಿ."

"ಯಾವ ಅಂಗಡ್ಯಾಗ?"

ಹುಲುಗೇಶ ಚೀಲದ ಬಾಯಿ ಕಟ್ಟುವುದರಲ್ಲಿ ಮುಳುಗಿದ. ಅವನು ಸುಳ್ಳು ಹೇಳುತ್ತಿದ್ದ. ಆದರೆ ರೀಡಿಗೂ ಚಮಚಕ್ಕೂ ವ್ಯತ್ಯಾಸ ಗೊತ್ತಿಲ್ಲದವನು ಎಪ್ಪತ್ತೆಂಟು ರೀಡು ಬಿಚ್ಚಿ, ಎಪ್ಪತ್ತೆಂಟು ಹೊಸದನ್ನು ಸಾಲಾಗಿ ಕೂರಿಸುವುದು ಸಾಧ್ಯವೇ? ಅದಕ್ಕೆ ಪಳಗಿದ ಕೈ ಬೇಕು. ತಿಪ್ಪೇಶನಿಗೆ ಗೊತ್ತಿದ್ದ ಪಳಗಿದ ಕೈ ಒಂದೇ. ಅದು ಚಿನ್ನಪ್ಪನದು.

ವಾಪಸು ಬಸ್ಸಿನಲ್ಲಿ ಅವನು ದನಿ ಇಳಿಸಿದ್ದ ಆ ವಿಡಿಯೋವನ್ನು ಮತ್ತೆ ನೋಡಿದ.

* * *

ಬುಧವಾರ ಬೆಳಿಗ್ಗೆ. ಹೆಂಡತಿ ಹುಲುಗಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಿಪ್ಪೇಶ ಬೂಟು ಹುಡುಕುತ್ತಿದ್ದ.

"ಏನೈತಿ ಅದರಾಗ, ಮೂರು ದಿನದಿಂದ ಅದನ್ನ ನೋಡಾಕತ್ತೀರಿ? ಕೊಡ್ರಿ ಇತ್ತಾಗ."

ಮೊಬೈಲು ಕಸಿದುಕೊಂಡಳು. ದನಿ ಏರಿಸಿದಳು. ಮನೆ ತುಂಬ ವೀಣೆ.

"ಭಾಳ ಚಂದೈತಿ. ಮತ್ತ ಪೆಟಗಿ ಸದ್ದ ಎಲ್ಲಿ?"

"ಕೊನೀಗೆ ಬರ್ತೈತಿ. ಬಾರಿಸ್ತಾನ ನೋಡು."

ಕೊನೆ ಬಂತು. ಬೆರಳುಗಳು ಬಿಳಿ, ಕಪ್ಪು, ಬಿಳಿ ಎಂದು ಓಡಿದವು. ವೀಣೆಯೇ ನುಡಿಯಿತು.

"ಎಲ್ಲಿ ಬಂತು? ಮೂರು ದಿನ ನೋಡೀರಿ, ಕಿವಿ ಎಲ್ಲಿ ಇಟ್ಟಿದ್ರಿ?"

ತಿಪ್ಪೇಶ ಒಂದು ಬೂಟು ಕೈಯಲ್ಲಿ ಹಿಡಿದೇ ನಿಂತ. ಅಕ್ಷಿತಾಗೆ ಫೋನು ಮಾಡಿದ.

"ಗಿರಣಿ ಗಡಗಡ ಬಿಟ್ರ ಏನೂ ಕೇಳ್ತಿರಲಿಲ್ಲ ಅಣ್ಣಾ. ಅದಕ್ಕ ಸದ್ದು ಪೂರಾ ತಗದು ವೀಣಿ ಹಾಕೀನಿ. ಪೆಟಗಿದು ಒಂದು ಸ್ವರಾನೂ ಇಲ್ಲ."

ಹಾಗಾದರೆ ಎರಡನೇ ಕಪ್ಪು ಮನೆ ಇಳಿದದ್ದನ್ನು ಸ್ವರಸಾಗರ ಎಲ್ಲಿ ಕೇಳಿದ?

ಆ ಹೆಸರಿನ ಮೇಲೆ ಒತ್ತಿದ. ಒಂದು ಫಲಕದ ಚಿತ್ರ ತೆರೆಯಿತು. ಸ್ವರಸಾಗರ ಸಂಗೀತ ಶಾಲೆ, ಗಾಂಧಿನಗರ, ಬಳ್ಳಾರಿ. ಫಲಕದ ಕೆಳಗೆ ನಿಂತವರು ಗುರುಸ್ವಾಮಿ.

* * *

ಮಧ್ಯಾಹ್ನ ತಿಪ್ಪೇಶ, ಸಬ್‌ಇನ್‌ಸ್ಪೆಕ್ಟರು, ಚಿನ್ನಪ್ಪ ಮೂವರೂ ಗಾಂಧಿನಗರದ ಆ ಶಾಲೆಯ ಚಾಪೆಯ ಮೇಲೆ ಕೂತಿದ್ದರು. ಹುಲುಗೇಶ ಹೊರಗೆ ಜೀಪಿನಲ್ಲಿದ್ದ. ಶಾಲೆಯ ಹೆಸರು ಹೇಳುತ್ತಲೇ ಅವನ ಪಂಚರು ಮಾಯವಾಗಿತ್ತು.

"ಮೇಷ್ಟ್ರ, ಚಿನ್ನಪ್ಪನ ವಿಡಿಯೋಕ್ಕ ಕಾಮೆಂಟು ಬರದೀರಿ. ಅದು ನೀವಾ ಹೌದಲ್ರಿ?"

ಗುರುಸ್ವಾಮಿ ನಕ್ಕರು. "ಹೌದು. ಅಷ್ಟು ಜನ ಹೊಗಳಿದರು, ಒಬ್ಬನಿಗೂ ಗೊತ್ತಾಗಲಿಲ್ಲ. ಕಿವಿ ಬೇಕಪ್ಪ ಅದಕ್ಕೆ."

"ವಿಡಿಯೋ ನೋಡಿ ಬರದ್ರಿ?"

"ಮತ್ತೆ?"

ತಿಪ್ಪೇಶ ಮೊಬೈಲು ಚಾಪೆಯ ಮೇಲಿಟ್ಟು ಕೊನೆಯ ನಿಮಿಷ ಹಾಕಿದ. ವೀಣೆ ನುಡಿದು ಮುಗಿಯಿತು.

"ಎಲ್ಲಿ ಇಳದೈತಿ, ಒಂಚೂರು ತೋರಿಸ್ರಿ."

ಗುರುಸ್ವಾಮಿ ಮೊಬೈಲನ್ನು ನೋಡಿದರು. ಚಿನ್ನಪ್ಪನನ್ನು ನೋಡಿದರು.

ತಿಪ್ಪೇಶನೇ ಹೇಳಿದ. "ಆ ಸ್ವರ ಇಳದದ್ದು ಹಳೇ ರೀಡಿನಾಗ. ವಿಡಿಯೋ ಹಾಕಿದ ಮರುದಿನ ಸೋಮವಾರ ನೀವು ಕಾಮೆಂಟು ಬರೆಯೂ ಮೊದಲ ಯಾರೋ ಆ ರೀಡು ನುಡಿಸಿ ಕೇಳ್ಯಾರ. ಪೆಟಗಿ ಇವತ್ತೇ ಮೊದಲು ನೋಡಿದ್ದು ಅಂತ ನೀವು ಹೋದ ಭಾನುವಾರ ಸಹಿ ಹಾಕೀರಿ. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಬೆಳಿಗ್ಗಿತನ ಹುಲುಗೇಶನ ಟೆಂಪೋದಿಂದ ಇಳಿಸಿ ಇಲ್ಲೇ ಇಟ್ಟಿದ್ರಿ. ಅವನ ಮಗಳು ನಿಮ್ಮ ಹತ್ರ ಹಾಡು ಕಲೀತಾಳ. ಒಂದು ದಿನ ಇರ್ಲಿ, ನೋಡಿ ಕೊಡ್ತೀನಿ ಅಂದ್ರ ಬ್ಯಾಡ ಅನ್ನಾಕ ಅವನಿಗೆ ಆಗಲಿಲ್ಲ. ಹೊಸ ರೀಡು ಮೊದಲ ತರಿಸಿಟ್ಟಿದ್ರಿ. ಚಿನ್ನಪ್ಪ ಪೆಟಗಿ ಬಿಚ್ಚಿದ ದಿನ ಇವನ ಮಗಳು ಅಕ್ಷಿತಾ ಒಂದು ಸಣ್ಣ ವಿಡಿಯೋ ಹಾಕಿದ್ಲು. ಅದರ ಕೆಳಗೂ ನಿಮ್ಮ ಕಾಮೆಂಟು ಐತಿ. 'ಇಂಥ ರೀಡು ಈಗ ಯಾರ ಹತ್ರ ಐತಿ' ಅಂತ."

ಗುರುಸ್ವಾಮಿ ಎದ್ದು ಕಬ್ಬಿಣದ ಬೀರು ತೆಗೆದರು. ಎಪ್ಪತ್ತೆಂಟು ರೀಡು. ಒಂದೊಂದನ್ನೂ ಬಿಳಿ ಕಾಗದದಲ್ಲಿ ಸುತ್ತಿ, ಮೇಲೆ ಸ್ವರದ ಹೆಸರು ದುಂಡಗೆ ಬರೆದಿದ್ದರು. ಚಿನ್ನಪ್ಪ ಒಂದನ್ನು ಬಿಚ್ಚಿ ಬುಡದಲ್ಲಿ ತಾನು ಕೆರೆದಿದ್ದ ಗುರುತು ತೋರಿಸಿದ. ವಿಡಿಯೋದಲ್ಲಿ ಅದೇ ಗೀರು ಕಾಣುತ್ತಿತ್ತು.

"ಮಾರೋದಕ್ಕಲ್ಲ" ಎಂದರು ಗುರುಸ್ವಾಮಿ. "ಅವರ ಮನೇಲಿ ವರ್ಷಕ್ಕೊಮ್ಮೆ ನುಡಿಸ್ತಾರೆ. ಉಳಿದ ದಿನ ಮೇಲೆ ಬಟ್ಟೆ ಮಡಚಿಡ್ತಾರಂತೆ."

"ನನ್ನ ಹೆಸರಿಗೆ ಕಳ್ಳ ಅಂತ ಬರದ್ರಲ್ರಿ ಮೇಷ್ಟ್ರ, ಅದನ್ನ ನೋಡಿದ್ರಿ?" ಚಿನ್ನಪ್ಪ ಕೇಳಿದ.

"ನೋಡಿದೆ."

"ಅದಕ್ಕ ಏನೂ ಬರೀಲಿಲ್ಲ ನೀವು."

ಗುರುಸ್ವಾಮಿ ಬಿಚ್ಚಿದ್ದ ಕಾಗದವನ್ನು ಮತ್ತೆ ಮಡಚತೊಡಗಿದರು.

* * *

ವೀರಭದ್ರ ಸಿರುಗುಪ್ಪಕ್ಕೆ ತಾನೇ ಹೋಗಿ ಪೆಟ್ಟಿಗೆಯನ್ನು ಮತ್ತೆ ಚಿನ್ನಪ್ಪನ ಮುಂದೆ ಇಳಿಸಿದ. ತಪ್ಪಾಯಿತು ಎಂದನೋ ಇಲ್ಲವೋ, ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಹಿಂದಕ್ಕೆ ಒಯ್ದ ಇಬ್ಬರು ಗಿರಾಕಿಗಳಲ್ಲಿ ಒಬ್ಬ ತಿರುಗಿ ಬಂದ. ಕಳ್ಳ ಎಂದು ಬರೆದವನು ತನ್ನ ಮಾತನ್ನು ಅಳಿಸಿದ.

ಒಂದು ವಿಷಯ ಮಾತ್ರ ತಿಳಿಯದೆ ಉಳಿದಿದೆ. ಆ ಭಾನುವಾರ ಮುಚ್ಚಳ ತೆಗೆದಾಗ ಗುರುಸ್ವಾಮಿ ಥಂಡಿಗೆ ಹೀಗಾಗಿದೆ ಎಂದಿದ್ದರೆ ಸಾಕಿತ್ತು. ವೀರಭದ್ರ ನಂಬುತ್ತಿದ್ದ. ಕಳುವಾಗಿದೆ ಎಂದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರೀಡು ಬದಲಾಗಿದೆ ಎಂದು ಬಾಯಿಬಿಟ್ಟವರು ಅವರೇ. ಚಿನ್ನಪ್ಪನ ತಲೆಗೆ ಕಟ್ಟಲು ಹಾಗೆಂದರೋ, ಕೆಟ್ಟ ಸ್ವರದ ಮುಂದೆ ಸುಳ್ಳು ಹೇಳಲು ಆಗಲಿಲ್ಲವೋ? ತಿಪ್ಪೇಶ ಎರಡು ಸಲ ಕೇಳಿದ. ಹೇಳಿಕೆಯ ಹಾಳೆಯಲ್ಲಿ ಆ ಪ್ರಶ್ನೆಯ ಮುಂದೆ ಜಾಗ ಖಾಲಿ ಇದೆ.